ಸೆಡ್ನಾಕ್ಕೆ ಹತ್ತೂವರೆ ತಾಸು

ಸೋಮವಾರ ಬೆಳಿಗ್ಗೆ ಏಳಕ್ಕೆ ಗವಿಸಿದ್ಧ ಪಾಳಿಗೆ ಬಂದು ಕುಳಿತಾಗ ತೆರೆಯ ಮೇಲೆ ಮುನ್ನೂರ ಹನ್ನೆರಡು ಅಂಕಿಗಳಿದ್ದವು. ಎಲ್ಲವೂ ಹಸಿರು. ಚಹಾ ಮುಗಿಯುವವರೆಗೆ ಅವನು ಯಾವುದನ್ನೂ ಗಮನವಿಟ್ಟು ನೋಡಲಿಲ್ಲ. ಆಮೇಲೆ ನೋಡಿದಾಗ ಒಂದು ಅಂಕಿ ಸರಿಕಾಣಲಿಲ್ಲ. ಲ್ಯಾಂಡರಿನ ಮೂರನೆಯ ಕಾಲು ತಣ್ಣಗಾಗುತ್ತಿರಲಿಲ್ಲ.

ಲ್ಯಾಂಡರ್ ಸೆಡ್ನಾದ ಮೇಲೆ ಇಳಿದು ಮೂರು ದಿನವಾಗಿತ್ತು. ಅದರ ಬೇರೆ ಮೂರು ಕಾಲುಗಳು ನೆಲದ ಚಳಿಗೆ ಮರಗಟ್ಟಿ, ಸೊನ್ನೆಗಿಂತ ಇನ್ನೂರ ನಲವತ್ತು ಡಿಗ್ರಿ ಕೆಳಗೆ ಹೋಗಿ ನಿಂತಿದ್ದವು. ಇದೊಂದು ಮಾತ್ರ ಹಿಂದಿನ ಸಂಜೆಯಿಂದ ಒಂದೊಂದೇ ಡಿಗ್ರಿ ಬಿಸಿಯಾಗುತ್ತಿತ್ತು. ಲ್ಯಾಂಡರ್ ಆ ಕಡೆಗೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲಿತ್ತು. ಆ ವಾಲು ಎರಡು ಡಿಗ್ರಿ ದಾಟಿದರೆ ಅಲಾರಂ ಹೊಡೆಯಬೇಕು. ಇನ್ನೂ ದಾಟಿರಲಿಲ್ಲ.

ಗವಿಸಿದ್ಧ ಶಾಖದ ಎಂಜಿನಿಯರು. ನೌಕೆಯ ಯಾವ ಭಾಗ ಎಷ್ಟು ಬಿಸಿ, ಎಷ್ಟು ತಣ್ಣಗಿರಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಕೊಪ್ಪಳದ ಬಂಡೆಗುಡ್ಡಗಳ ನಡುವೆ ಬೋಳಗುಡ್ಡ ಎಂಬಲ್ಲಿ ಎಪ್ಪತ್ತು ಮೀಟರ್ ಅಗಲದ ಆಂಟೆನಾ ಇದೆ. ಊರುಗಳ ಮೊಬೈಲು, ಟಿವಿಗಳ ಗದ್ದಲವನ್ನು ಗುಡ್ಡಗಳು ತಡೆಯುತ್ತವೆಂದು ಅಲ್ಲಿ ಕಟ್ಟಿದ್ದು. ಬೇರೆ ಖಂಡಗಳ ಆಂಟೆನಾಗಳು ಹಿಡಿದ ಸುದ್ದಿಯೂ ಇಲ್ಲಿಗೇ ಬಂದು ಸೇರುತ್ತಿತ್ತು. ಅದರ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಅವನಿಗೆ ಒಂಬತ್ತು ವರ್ಷ ಕಳೆದಿತ್ತು.

ಒಂಬತ್ತು ವರ್ಷ, ಏಕೆಂದರೆ ‘ದೂರತೀರ’ ನೌಕೆಗೆ ಸೆಡ್ನಾ ಮುಟ್ಟಲು ಅಷ್ಟು ಬೇಕಾಯಿತು. ಸೆಡ್ನಾ ಒಂದು ಕುಬ್ಜಗ್ರಹ. ಬೀದರಿನಿಂದ ಕನ್ಯಾಕುಮಾರಿಗೆ ಹೆಚ್ಚುಕಡಿಮೆ ಎಷ್ಟು ದೂರವೋ ಅಷ್ಟು ಅದರ ಅಡ್ಡಳತೆ. ತುಕ್ಕು ಹಿಡಿದ ಕಬ್ಬಿಣದಂತೆ ಕೆಂಪು. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಹನ್ನೊಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ಕಾಲದಲ್ಲಿ ಒಮ್ಮೆ ಮಾತ್ರ ಅದು ಸೂರ್ಯನ ಹತ್ತಿರ ಬರುತ್ತದೆ, ಹತ್ತಿರವೆಂದರೂ ನೆಪ್ಚೂನಿಗಿಂತ ಎರಡೂವರೆ ಪಟ್ಟು ಆಚೆ. ಹಿಂದಿನ ಸಲ ಬಂದಾಗ ನಮ್ಮ ನೆಲದಲ್ಲಿ ಯಾರೂ ಬಿತ್ತನೆ ಕಲಿತಿರಲಿಲ್ಲ. ಈ ಸಲ, ಎರಡು ಸಾವಿರದ ಎಪ್ಪತ್ತಾರರಲ್ಲಿ, ಇಬ್ಬರು ಹೆಂಗಸರು ಅದನ್ನು ನೋಡಲು ಹೋಗಿದ್ದರು. ನಾಗಾಲ್ಯಾಂಡಿನ ಅರೆನ್ಲಾ ಮೇಲೆ ನೌಕೆಯಲ್ಲೇ ಸುತ್ತುತ್ತಿದ್ದಳು. ಕೊಪ್ಪಳದ ಭೂವಿಜ್ಞಾನಿ ಹಂಪಮ್ಮ ಲ್ಯಾಂಡರಿನಲ್ಲಿ ಒಬ್ಬಳೇ ಕೆಳಗಿಳಿದಿದ್ದಳು.

ಗವಿಸಿದ್ಧ ಎರಡು ಗಂಟೆ ಲೆಕ್ಕ ಹಾಕಿದ. ನೆಲ ಕಲ್ಲಿನಂತೆ ಗಟ್ಟಿಯಾದ ಮಂಜುಗಡ್ಡೆ ಎಂದು ಎಲ್ಲರೂ ನಂಬಿದ್ದರು. ಹಾಗಿರಲಿಲ್ಲ. ಕೆಂಪು ಹೊದಿಕೆಯ ಕೆಳಗೆ ಹತ್ತಿಯಂಥ ಹಿಮವಿತ್ತು. ಲ್ಯಾಂಡರಿನ ಒಡಲ ಶಾಖ ಕಾಲಿಗಿಳಿದು ಆ ಹಿಮವನ್ನು ಆವಿ ಮಾಡುತ್ತಿತ್ತು. ಆವಿ ಬದಿಗೆ ಹೋಗಿ ಮತ್ತೆ ಹೆಪ್ಪುಗಟ್ಟಿ ಕಾಲನ್ನು ಸಿಮೆಂಟಿನಂತೆ ಹಿಡಿಯುತ್ತಿತ್ತು. ಕಾಲು ಕುಸಿದಷ್ಟೂ ಒಡಲು ನೆಲಕ್ಕೆ ಹತ್ತಿರವಾಗಿ ಕುಸಿತ ಇನ್ನೂ ಬೇಗವಾಗುತ್ತಿತ್ತು. ಒಡಲಿನ ಅಡಿಯಲ್ಲೇ ಮರಳಿ ಏರುವ ಎಂಜಿನ್ ಇತ್ತು.

ಅವನು ಕಾಗದ ಹಿಡಿದು ನಿರ್ದೇಶಕಿ ಫಿಲೋಮಿನಾ ಅವರ ಕೋಣೆಗೆ ಹೋದ. ಮಂಗಳೂರಿನವರು, ಐವತ್ತೈದರ ಆಸುಪಾಸಿನವರು, ಯಾವ ಮಾತಿಗೂ ದನಿ ಏರಿಸದವರು.

“ಎಷ್ಟು ಹೊತ್ತಿದೆ?” ಎಂದು ಕೇಳಿದರು.

“ನಮ್ಮ ತೆರಿ ಮ್ಯಾಲೆ ಮಧ್ಯಾಹ್ನ ಎರಡಕ್ಕ ಎಂಜಿನ್ನಿನ ಬಾಯಿ ಹೂತು ಹೋಗ್ತೈತ್ರಿ, ಮೇಡಂ.”

“ಈಗ ಒಂಬತ್ತು. ಐದು ಗಂಟೆ ಉಂಟಲ್ಲ, ಎಚ್ಚರಿಕೆ ಕಳಿಸುವಾ...”

ಅಷ್ಟು ಹೇಳಿ ಅವರು ಮಾತು ನಿಲ್ಲಿಸಿದರು. ಒಂಬತ್ತು ವರ್ಷ ಇದೇ ಕೆಲಸ ಮಾಡಿದವರ ಬಾಯಿಂದಲೂ ಆ ಕ್ಷಣಕ್ಕೆ ಹಾಗೆ ಬಂದಿತ್ತು. ಸೆಡ್ನಾದಿಂದ ಬೆಳಕಾಗಲಿ ರೇಡಿಯೋ ಆಗಲಿ ಇಲ್ಲಿಗೆ ಬರಲು ಹತ್ತು ಗಂಟೆ ಮೂವತ್ತೆರಡು ನಿಮಿಷ ಬೇಕು. ಮಧ್ಯಾಹ್ನ ಎರಡಕ್ಕೆ ತೆರೆಯ ಮೇಲೆ ಕಾಣಲಿರುವುದು ಅಲ್ಲಿ ಅಂದು ಬೆಳಗಿನ ಜಾವ ಮೂರೂವರೆಗೇ ನಡೆದುಹೋಗಿತ್ತು. ಗವಿಸಿದ್ಧ ಆಗ ಕ್ವಾರ್ಟರ್ಸಿನಲ್ಲಿ ಮಗಳ ಪಕ್ಕ ಮಲಗಿದ್ದ. ಈಗ ಕಳಿಸುವ ಎಚ್ಚರಿಕೆ ಅಲ್ಲಿಗೆ ಮುಟ್ಟುವುದು ಸಂಜೆ ಏಳೂಮುಕ್ಕಾಲಿಗೆ.

“ಆದರೂ ಕಳಿಸಿ,” ಎಂದರು ಫಿಲೋಮಿನಾ. ಒಂಬತ್ತು ಹತ್ತಕ್ಕೆ ಕಳಿಸಿದರು.

ಉಳಿದದ್ದು ನೋಡುವುದೊಂದೇ. ತೆರೆಯ ಪ್ರಕಾರ ಹಂಪಮ್ಮ ಆರು ಗಂಟೆಗೆ ಮಲಗಿದ್ದಳು, ಒಂದಕ್ಕೆ ಏಳುವವಳು. ಎದ್ದ ತಕ್ಷಣ ತಾನಾಗಿಯೇ ಕಿಟಕಿಯಾಚೆ ನೋಡಿ ಕಾಲಿನ ಕುಸಿತ ಕಂಡುಹಿಡಿದರೆ, ಎಂಜಿನ್ ಸಿದ್ಧಪಡಿಸಲು ಐವತ್ತು ನಿಮಿಷ. ಹತ್ತು ನಿಮಿಷ ಉಳಿಯುತ್ತಿತ್ತು.

“ಮನೆಯವರಿಗೆ ಈಗಲೇ ಹೇಳುವುದು ಬೇಡ,” ಎಂದರು ಫಿಲೋಮಿನಾ. “ಗೊತ್ತಾದ ಮೇಲೆ ನಾನೇ ಹೇಳುತ್ತೇನೆ.”

ಮನೆಯವರೆಂದರೆ ಒಬ್ಬಳೇ, ಅಕ್ಕ ದುರುಗಮ್ಮ. ಕೇಂದ್ರದ ಗೇಟಿನಿಂದ ಇನ್ನೂರು ಹೆಜ್ಜೆಗೆ ಅವಳ ಖಾನಾವಳಿ. ಮೊದಲು ಕೊಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ ನಡೆಸುತ್ತಿದ್ದಳು. ತಾಯಿ ಸತ್ತಾಗ ಹಂಪಮ್ಮನಿಗೆ ನಾಲ್ಕು ವರ್ಷ, ಇವಳಿಗೆ ಇಪ್ಪತ್ತು. ರೊಟ್ಟಿ ಬಡಿದು ತಂಗಿಯನ್ನು ಓದಿಸಿದಳು. ತಂಗಿ ಹೊರಟುಹೋದ ವರ್ಷ, “ಆಕಿ ದನಿ ಎಲ್ಲಿ ಬರ್ತೈತೋ ಅಲ್ಲಿ ಇರ್ತೀನಿ” ಎಂದು ಒಲೆ, ತವೆ ಹೇರಿಕೊಂಡು ಬೋಳಗುಡ್ಡಕ್ಕೆ ಬಂದಳು. ಕೇಂದ್ರದ ನೂರು ಜನರಲ್ಲಿ ಎಪ್ಪತ್ತು ಜನ ಅವಳಲ್ಲೇ ಉಣ್ಣುತ್ತಿದ್ದರು.

ಹನ್ನೆರಡೂವರೆಗೆ ಗವಿಸಿದ್ಧ ಅಲ್ಲಿಗೆ ಹೋದ. ಹೋಗದಿದ್ದರೆ ಅವಳು ಬುತ್ತಿ ಕಟ್ಟಿಕೊಂಡು ಗೇಟಿಗೆ ಬರುತ್ತಿದ್ದಳು, ಅದು ಇನ್ನೂ ಕಷ್ಟ. ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಬಂದವು. ಅವನು ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

“ಯಾಕಪಾ, ಮುರದು ಹಂಗ ಹಿಡ್ಕೊಂಡು ಕುಂತಿ?” ದುರುಗಮ್ಮ ಪಕ್ಕದಲ್ಲಿ ಬಂದು ನಿಂತಳು.

“ಹಸಿವಿಲ್ಲಕ್ಕಾ.”

“ಹಸಿವಿಲ್ಲಂದ್ರ ಬರ್ತಿದ್ದಿಲ್ಲ. ಹಂಪಿ ಎದ್ದಳೇನು?”

“ಒಂದಕ್ಕ ಏಳ್ತಾರ್ರಿ.”

“ಅಂದ್ರ ರಾತ್ರಿ ಎರಡೂವರಿಗೆ ಎದ್ದಾಳ.”

ಕೇಂದ್ರದ ಹುಡುಗರೆಲ್ಲ ತೆರೆಯ ಹೊತ್ತನ್ನೇ ನಂಬಿ ‘ಏಳ್ತಾರೆ, ಉಣ್ತಾರೆ, ಮಲಗ್ತಾರೆ’ ಎನ್ನುತ್ತಿದ್ದರು. ದುರುಗಮ್ಮ ಮಾತ್ರ ಮೊದಲಿನಿಂದಲೂ ಹತ್ತೂವರೆ ತಾಸು ಹಿಂದಕ್ಕೆ ಎಣಿಸಿಯೇ ಮಾತಾಡುವಳು. ತಂಗಿ ಆಗಲೇ ಮಾಡಿ ಮುಗಿಸಿದ್ದನ್ನು ಇವರು ಇನ್ನೂ ಮಾಡಬೇಕಾದದ್ದೆಂಬಂತೆ ಹೇಳುವುದು ಅವಳಿಗೆ ಸೇರುತ್ತಿರಲಿಲ್ಲ.

ಗವಿಸಿದ್ಧನಿಗೆ ತಡೆಯಲಾಗಲಿಲ್ಲ. “ಅಕ್ಕಾ, ಲ್ಯಾಂಡರ್ ಕುಸೀತೈತ್ರಿ,” ಎಂದ.

ದುರುಗಮ್ಮ ಅವನನ್ನೇ ನೋಡಿದಳು. “ಕುಸೀತೈತೋ, ಕುಸಿದೈತೋ?”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಒಲೆಯ ಮುಂದಿದ್ದ ಹೆಂಗಸಿಗೆ “ನೋಡ್ಕೋ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು. ಗೇಟಿನಲ್ಲಿ ಕಾವಲಿನವರು ತಡೆದಾಗ ಗವಿಸಿದ್ಧ ಫಿಲೋಮಿನಾ ಅವರಿಗೆ ಫೋನು ಮಾಡಿದ. ಅವರು, “ಕರೆದುಕೊಂಡು ಬನ್ನಿ,” ಎಂದರು.

ಒಂದು ಗಂಟೆಗೆ ಹಂಪಮ್ಮ ಎದ್ದಳು. ಆಕಳಿಸಿದ್ದು, ನೀರಿನ ಚೀಲ ಹಿಂಡಿದ್ದು, ಯಾವುದೋ ಹಾಡಿನ ಅರ್ಧ ಸಾಲು ಗುನುಗಿದ್ದು ಎಲ್ಲ ಕೊಠಡಿಯ ಸ್ಪೀಕರಿನಲ್ಲಿ ಕೇಳಿಸಿತು. ಕಿಟಕಿ ನೋಡಲಿಲ್ಲ. ಹಿಂದಿನ ದಿನ ತಂದ ಹಿಮದ ತುಣುಕುಗಳ ಡಬ್ಬಿಗಳಿಗೆ ಅಂಕಿಯ ಚೀಟಿ ಅಂಟಿಸುತ್ತ ಕುಳಿತಳು. ಮೂವತ್ತು ಜನ ಅವಳು ಚೀಟಿ ಅಂಟಿಸುವುದನ್ನು ಕೇಳಿದರು. ಒಂದು ಹದಿನೈದಾಯಿತು. ಒಂದು ಮೂವತ್ತಾಯಿತು. “ಕಿಟಕಿ ನೋಡ್ರಿ, ಹಂಪಕ್ಕಾ,” ಎಂದು ಯಾರೋ ಸಣ್ಣಗೆ ಅಂದರು, ಕೇಳುವಳೆಂಬಂತೆ.

ಒಂದು ನಲವತ್ತೊಂದಕ್ಕೆ ಅಲಾರಂ ಹೊಡೆಯಿತು.

“ಅರೆನ್ಲಾ, ಕೇಳಸ್ತೇನು? ವಾಲಿದ ಅಲಾರಂ.”

“ಕೇಳ್ತು. ಎರಡು ಡಿಗ್ರಿ. ಹೊರಗ ನೋಡು.” ಒಂಬತ್ತು ವರ್ಷ ಒಬ್ಬಳೇ ಸಂಗಾತಿಯ ಜೊತೆ ಕಳೆದು ಅರೆನ್ಲಾಳ ಬಾಯಲ್ಲಿ ಕೊಪ್ಪಳದ ಕನ್ನಡ ಕೂತುಬಿಟ್ಟಿತ್ತು.

ಕಿಟಕಿಯ ಪರದೆ ಸರಿದ ಸದ್ದು. “ಯವ್ವಾ... ಮೂರನೇ ಕಾಲು ಕಾಣವಲ್ದು.”

ಆಮೇಲೆ ಅವಳು ಗಾಬರಿಯಾಗಲಿಲ್ಲ. ಕಲಿತ ಪಾಠದಂತೆ ಒಂದೊಂದೇ ಗುಂಡಿಯ ಹೆಸರು ಹೇಳುತ್ತ ಎಂಜಿನ್ ಸಿದ್ಧಪಡಿಸಿದಳು. ಎಂಜಿನ್ನಿನ ಬಾಯಿಯ ಅಂಕಿ ಒಂದು ಐವತ್ತೆಂಟಕ್ಕೆ ಕೆಂಪಾದದ್ದು ಗವಿಸಿದ್ಧನಿಗೆ ಕಂಡಿತು. ಅವಳಿಗೆ ಅದು ಸಿದ್ಧತೆಯ ಪಟ್ಟಿಯ ಕೊನೆಯಲ್ಲಿ, ಅರ್ಧ ತಾಸಿನ ನಂತರ ಕಾಣಲಿತ್ತು. ದುರುಗಮ್ಮ ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಎರಡು ಮೂವತ್ತೊಂದಕ್ಕೆ ಹಂಪಮ್ಮ, “ಎಲ್ಲಾ ತಯಾರ ಆತು. ಹೊಂಟೆ ನೋಡವಾ,” ಎಂದಳು.

ಒಂದು ಗುಂಡಿಯ ಸದ್ದು. ನಂತರ ಯಂತ್ರದ ಚಿಕ್ಕ ಕೂಗು.

“ಬ್ಯಾಡ ಅಂತೈತಿ.” ಮತ್ತೆ ಗುಂಡಿಯ ಸದ್ದು. “ಮತ್ತೊಮ್ಮೆ ಒತ್ತಿದೆ. ಬ್ಯಾಡ ಅಂತೈತಿ.”

ಎಂಜಿನ್ನಿನ ಬಾಯಿಯೊಳಗೆ ಹಿಮ ಹೊಕ್ಕು ಗಟ್ಟಿಯಾಗಿತ್ತು. ಒತ್ತಾಯದಿಂದ ಉರಿಸಿದರೆ ಲ್ಯಾಂಡರ್ ಸಿಡಿಯುತ್ತಿತ್ತು. ಕಂಪ್ಯೂಟರು ಅದಕ್ಕೇ ಒಪ್ಪಲಿಲ್ಲ. ಅರೆನ್ಲಾ ಇದ್ದ ನೌಕೆ ಇಳಿಯಲಾರದ್ದು. ಅದರಲ್ಲಿ ಎರಡನೆಯ ಲ್ಯಾಂಡರ್ ಇರಲಿಲ್ಲ.

“ತಡೀ, ಹೊರಗ ಹೋಗಿ ನೋಡ್ತೀನಿ,” ಎಂದಳು ಹಂಪಮ್ಮ.

ನಾಲ್ಕು ತಾಸು ಅವಳು ಸುತ್ತಿಗೆ ಹಿಡಿದು ಲ್ಯಾಂಡರಿನ ಅಡಿ ಕೆತ್ತಿದಳು. ಒಡೆದ ಹಿಮ ಅವಳ ಉಡುಪಿನ ಶಾಖಕ್ಕೇ ಆವಿಯಾಗಿ, ಅವಳು ಪಕ್ಕಕ್ಕೆ ಸರಿದೊಡನೆ ಅಲ್ಲೇ ಮತ್ತೆ ಕೂಡಿಕೊಳ್ಳುತ್ತಿತ್ತು. ಕೊಠಡಿಯಲ್ಲಿ ಅವಳ ಏದುಸಿರು ಮಾತ್ರ ಕೇಳುತ್ತಿತ್ತು. ದುರುಗಮ್ಮ ಕುಳಿತುಕೊಳ್ಳಲಿಲ್ಲ, ನೀರೂ ಕುಡಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರೂಕಾಲಿಗೆ ಎಚ್ಚರಿಕೆಗೆ ಉತ್ತರ ಬಂತು. “ಗವಿಸಿದ್ಧಾ, ನಿನ್ನ ಲೆಕ್ಕ ಬರಾಬರಿ ಐತಿ,” ಎಂದಿದ್ದಳು ಹಂಪಮ್ಮ. “ಹದಿನಾರು ತಾಸು ತಡಾ ಆತು, ಅಷ್ಟ. ನನ್ನ ಹತ್ರ ಹನ್ನೊಂದು ದಿನದ ಗಾಳಿ ಐತಿ. ಏನರ ಹೊಳದ್ರ ಹೇಳ್ರಿ.”

ಏನೇನೋ ಹೊಳೆಯಿತು. ಆಂಟೆನಾ ಕಂಬವನ್ನು ಸನ್ನೆಗೋಲು ಮಾಡುವುದು, ಒಡಲ ಶಾಖ ಆರಿಸಿ ನೋಡುವುದು, ಚಿಕ್ಕ ಸಿಡಿಮದ್ದಿನಿಂದ ಕಾಲು ಕತ್ತರಿಸುವುದು. ಪ್ರತಿಯೊಂದು ಸಲಹೆ ಮುಟ್ಟುವ ಹೊತ್ತಿಗೆ ಹಂಪಮ್ಮ ಅದನ್ನು ತಾನೇ ಯೋಚಿಸಿ, ಮಾಡಿ, ಸೋತು ಆಗಿರುತ್ತಿತ್ತು. “ಅದನ್ನ ನಿನ್ನೆ ಮಾಡಿದೆ” ಎಂಬ ಉತ್ತರ ಕೇಳಿ ಕೇಳಿ ಬುಧವಾರದ ಹೊತ್ತಿಗೆ ಎಂಜಿನಿಯರುಗಳು ಸಲಹೆ ಬರೆಯುವುದನ್ನು ನಿಲ್ಲಿಸಿದರು. ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲ.

ಫಿಲೋಮಿನಾ ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ದುರುಗಮ್ಮನಿಗೆ ಮೈಕು ಬಿಟ್ಟುಕೊಟ್ಟರು. ಮಂಗಳವಾರ, ಬುಧವಾರ ಅವಳು ತಂಗಿಗೆ ಊರಿನ ಸುದ್ದಿ ಹೇಳಿದಳು: ಯಾರ ಮನೆಯಲ್ಲಿ ಕೂಸು ಹುಟ್ಟಿತು, ಹೊಸ ಒಲೆ ಹೇಗೆ ಹೊಗೆ ಹಾಕುತ್ತದೆ. ಹಂಪಮ್ಮನೂ ಅಲ್ಲಿನ ಸುದ್ದಿ ಹೇಳಿದಳು. ಸೂರ್ಯ ಅಲ್ಲಿ ಬರೀ ಚುಕ್ಕಿಯಂತೆ, ಸೂಜಿಯ ತಲೆ ಅಡ್ಡ ಹಿಡಿದರೆ ಮರೆಯಾಗುವಂತೆ. “ಆದರೂ ಎಪ್ಪತ್ತು ಹುಣ್ಣಿಮೆಯಷ್ಟು ಬೆಳಕು ಐತಿ ಅಕ್ಕಾ, ಓದಾಕ ಬರ್ತೈತಿ. ಅರವತ್ತು ಕಿಲೋದ ನಾನು ಇಲ್ಲಿ ಎರಡು ಕಿಲೋ ಆಗೀನಿ,” ಎಂದಳು. ಉತ್ತರ ಧ್ರುವದ ಕಡೆಯ ಮಂದಿ ಸೆಡ್ನಾ ಎಂಬ ಹೆಸರಿನ ಒಬ್ಬ ದೇವಿಯ ಕತೆ ಹೇಳುತ್ತಾರಂತೆ, ತಂದೆಯೇ ದೋಣಿಯಿಂದ ಸಮುದ್ರಕ್ಕೆ ನೂಕಿದ ಹುಡುಗಿ. ಅದನ್ನು ಕೇಳಿ ದುರುಗಮ್ಮ, “ಇಂಥಾ ಹೆಸರು ಇಡೂದು ಬ್ಯಾಡಾಗಿತ್ತು,” ಎಂದಳು.

ಅಷ್ಟರಲ್ಲಿ ಇನ್ನೊಂದು ಸಂಕಟ ಎದುರಾಯಿತು. ಸೆಡ್ನಾವನ್ನು ದಾರಿ ತಪ್ಪದೆ ಸುತ್ತುತ್ತಿರಲು ನೌಕೆಗೆ ದಿನವೂ ಇಂಧನ ಬೇಕು. ಶನಿವಾರ ದಾಟಿದರೆ ಭೂಮಿಯ ದಾರಿ ಹಿಡಿಯುವಷ್ಟು ಉಳಿಯುತ್ತಿರಲಿಲ್ಲ. ಹೊರಡು ಎಂದು ಫಿಲೋಮಿನಾ ಎರಡು ಸಲ ಆದೇಶ ಕಳಿಸಿದರು. “ಆಕಿ ಉಸಿರಾಡೂತನಕ ನಾ ಹೋಗಂಗಿಲ್ಲ,” ಎಂದಳು ಅರೆನ್ಲಾ ಮೊದಲ ಸಲ. ಎರಡನೆಯದಕ್ಕೆ ಉತ್ತರವೇ ಬರಲಿಲ್ಲ.

ಗುರುವಾರ ಹತ್ತಕ್ಕೆ ಮೈಕಿನ ಮುಂದೆ ಕುಳಿತ ದುರುಗಮ್ಮ ಗವಿಸಿದ್ಧನ ಕಡೆ ತಿರುಗಿದಳು. “ಇವತ್ತಿಂದು ಮ್ಯಾಲಿರೂ ಹುಡುಗೀಗೆ ಹಚ್ಚು.”

“ಅರೆನ್ಲಾಗಾ?”

“ಆಕೀಗೆ.”

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅರೆನ್ಲಾ, ನಾನು ಹಂಪಿ ಅಕ್ಕ. ನೀ ಅಲ್ಲಿ ಕುಂತ್ರ ಆಕಿ ಮ್ಯಾಲೆ ಬರಂಗಿಲ್ಲವಾ. ನಿನಗೂ ಮನ್ಯಾಗ ಯಾರರ ಹಾದಿ ಕಾಯ್ತಿರ್ತಾರ. ಇಬ್ರನ್ನೂ ಕಳಕೊಳ್ಳೂವಷ್ಟು ಶಕ್ತಿ ನನಗಿಲ್ಲ. ಹೊಂಡು. ಬಿಟ್ಟು ಬಂದ್ಲು ಅಂತ ನಿನಗ ಯಾರೂ ಅನ್ನಂಗಿಲ್ಲ. ಅಂದವರನ್ನ ನನ್ನ ಮುಂದ ತಂದು ನಿಲ್ಸು.”

ಒಂದು ನಿಮಿಷವೂ ಆಗಿರಲಿಲ್ಲ. “ಇನ್ನೂ ಹೊತ್ತೈತ್ರಿ ಅಕ್ಕಾ, ಹಂಪಕ್ಕಗೂ ಏನರ ಹೇಳ್ರಿ,” ಎಂದ ಗವಿಸಿದ್ಧ. ಅವಳು ತಲೆಯಾಡಿಸಿ ಎದ್ದಳು. “ದನಿ ಒಡದೈತಿ. ಆಕಿ ಕೇಳಬಾರ್ದು.”

ಅಂದು ಮಧ್ಯಾಹ್ನ ಮೂರೂವರೆಗೆ ತೆರೆಯ ಮೇಲೆ ನೌಕೆಯ ಎಂಜಿನ್ ಹೊತ್ತಿಕೊಂಡಿತು. ಅರೆನ್ಲಾಳ ದನಿ ಗುರುತು ಸಿಗದಂತಿತ್ತು. “ನಿನ್ನೆ ಹಂಪಕ್ಕ ರೇಡಿಯೋ ಬಂದ್ ಮಾಡಿದ್ಲು, ನಾ ನಿಮಗ ಹೇಳಿರಲಿಲ್ಲ. ನೀ ಹೋಗೂತನಕ ನಾ ಮಾತಾಡಂಗಿಲ್ಲ ಅಂದ್ಲು. ಹದಿನಾಲ್ಕು ತಾಸು ಕರದೆ. ಮಾತಾಡ್ಲಿಲ್ಲ. ಹೊಂಟೀನಿ.”

ದುರುಗಮ್ಮನಿಗೆ ಲೆಕ್ಕ ಹಾಕಲು ಯಾರ ಸಹಾಯವೂ ಬೇಕಿರಲಿಲ್ಲ. “ಅಂದ್ರ ಆಕಿ ನಸುಕಿನ್ಯಾಗ ಐದಕ್ಕ ಹೊಂಟಾಳ. ನಾ ಹತ್ತಕ್ಕ ಮಾತಾಡಿದೆ.”

“ಹೌದ್ರಿ.”

“ಹಂಗಾರ ಇವತ್ತಿನ ಮಾತು ಹಂಪಿಗೇ ಹೇಳಬಹುದಿತ್ತು.”

ಅವಳು ರಾತ್ರಿಯ ರೊಟ್ಟಿ ಬಡಿಯಲು ಹೊರಟಳು.

ಮರುದಿನ ಅರೆನ್ಲಾಳಿಂದ ಒಂದು ಚಿಕ್ಕ ಸಂದೇಶ ಬಂತು. “ಅಕ್ಕಾ, ನೀವು ಹೇಳಿದ್ದು ದಾರ್‍ಯಾಗ ಮುಟ್ತು. ನಾಕು ಸಲ ಕೇಳಿದೆ.” ಅಷ್ಟೇ. ದುರುಗಮ್ಮ ಅದನ್ನು ಕೇಳಿ, “ಊಟ ಸರಿಯಾಗಿ ಮಾಡು ಅಂತ ಹೇಳ್ರಿ ಆಕೀಗೆ,” ಎಂದಳು.

ಶನಿವಾರ ಖಾನಾವಳಿಯಲ್ಲಿ ಜನ ಖಾಲಿಯಾದ ಮೇಲೆ ಗವಿಸಿದ್ಧ ಅವಳ ಮುಂದೆ ನಿಂತ. ಐದು ದಿನದಿಂದ ನುಂಗಿಕೊಂಡದ್ದು ಹೊರಬಿತ್ತು. ಮೊದಲು ಅಲಾರಂ ಅರ್ಧ ಡಿಗ್ರಿಗೇ ಹೊಡೆಯುವಂತಿತ್ತು. ಇಲ್ಲಿ ತಾಲೀಮಿನ ವೇಳೆ ಅದು ಸುಮ್ಮಸುಮ್ಮನೆ ಕೂಗಿ ಎಲ್ಲರ ನಿದ್ದೆ ಕೆಡಿಸಿತೆಂದು ಎರಡು ಡಿಗ್ರಿಗೆ ಏರಿಸಲು ಬರೆದುಕೊಟ್ಟವನು ಅವನೇ. ಸಮಿತಿ ಒಪ್ಪಿತ್ತು, ಹಂಪಮ್ಮನೂ ಸಹಿ ಹಾಕಿದ್ದಳು. ಅರ್ಧ ಡಿಗ್ರಿಯೇ ಇದ್ದಿದ್ದರೆ ಅವಳು ಮಲಗುವುದಕ್ಕೆ ಮೊದಲೇ ಹೊಡೆಯುತ್ತಿತ್ತು.

ದುರುಗಮ್ಮ ಪೂರ್ತಿ ಕೇಳಿದಳು. “ಇದನ್ನ ನನಗ್ಯಾಕ ಹೇಳ್ತಿ?” ಎಂದಳು. “ಹೇಳಿ ನೀ ಹಗರಾದಿ. ನಾ ಇದನ್ನ ಎಲ್ಲಿ ಇಡ್ಲಿ?”

ಮುಂದಿನ ಮೂರು ದಿನ ಅವನಿಗೆ ಬೇರೆ ಹೆಂಗಸು ಬಡಿಸಿದಳು.

ನೌಕೆ ಹೊರಟ ಮೇಲೆ ಹಂಪಮ್ಮನ ದನಿಯನ್ನು ಇಲ್ಲಿಗೆ ಮುಟ್ಟಿಸುವ ಸಾಧನ ಇರಲಿಲ್ಲ. ಲ್ಯಾಂಡರಿನ ಸ್ವಂತ ಆಂಟೆನಾ ಬಹಳ ಚಿಕ್ಕದು. ಇಲ್ಲಿಂದ ಕಳಿಸುವ ಮಾತು ಅವಳಿಗೆ ಕೇಳುತ್ತಿತ್ತು; ಅವಳದು ಅಕ್ಷರವಾಗಿ ಮಾತ್ರ, ನಿಮಿಷಕ್ಕೆ ನಾಲ್ಕೈದು, ಬೋಳಗುಡ್ಡದ ಆಂಟೆನಾಕ್ಕೆ ಸಿಗುತ್ತಿತ್ತು. ಅವಳು ಆ ಅಕ್ಷರಗಳಲ್ಲಿ ಹೆಚ್ಚಿನದನ್ನು ಕೆಲಸಕ್ಕೇ ಖರ್ಚು ಮಾಡಿದಳು. ಕುಸಿದ ಗುಂಡಿಯ ಗೋಡೆಯಲ್ಲಿ ಹಿಮ ಪದರ ಪದರವಾಗಿದೆ ಎಂದು ಬರೆದಳು, ಒಂದೊಂದು ಕೂದಲಿನ ದಪ್ಪ. ಸೆಡ್ನಾ ಸೂರ್ಯನ ಹತ್ತಿರ ಬಂದಾಗಲೊಮ್ಮೆ ಒಂದು ಪದರ ಬೀಳುತ್ತದೆ. ಅವಳು ನಾಲ್ಕು ಸಾವಿರ ಎಣಿಸಿದ್ದಳು, ಎಂದರೆ ನಾಲ್ಕೂವರೆ ಕೋಟಿ ವರ್ಷ. ಕಾಲು ಹೂತದ್ದು ಈ ಪದರಗಳ ಸಡಿಲಿಗೇ; ಇಲ್ಲಿ ಕುಳಿತ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ ಎಂದೂ ಸೇರಿಸಿದ್ದಳು. ಜಗತ್ತಿನ ವಿಜ್ಞಾನಿಗಳೆಲ್ಲ ಆ ಸಾಲುಗಳಿಗೆ ಕುಣಿದಾಡಿದರು. ಗವಿಸಿದ್ಧ ಕೊನೆಯ ಸಾಲನ್ನು ಹಲವು ಸಲ ಓದಿದ. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ.

ಎರಡನೆಯ ಶುಕ್ರವಾರ ದುರುಗಮ್ಮ ಎಂದಿನಂತೆ ಹತ್ತಕ್ಕೆ ಬಂದಳು. ಅವಳು ಕುಳಿತ ಮೇಲೆ ಅಕ್ಷರಗಳು ಬರತೊಡಗಿದವು. ಮೊದಲು ಕೇಂದ್ರಕ್ಕೆ: ಗಾಳಿ ಇನ್ನು ಹದಿನಾಲ್ಕು ತಾಸು. ನಂತರ ಸ್ವಲ್ಪ ಬಿಡುವು. ಮತ್ತೆ ಒಂದೊಂದಾಗಿ ಬಂದದ್ದನ್ನು ದುರುಗಮ್ಮ ತಾನೇ ಕೂಡಿಸಿ ಓದಿದಳು.

“ಅಕ್ಕಾ ಅವ್ವ ನನ್ನ ಹೆಂಗ ಕರೀತಿದ್ಲು ಮರತೈತಿ. ದನಿ ನೆನಪಿಗೆ ಬರವಲ್ದು. ಒಮ್ಮೆ ಕರದು ತೋರ್ಸು.”

ಅದಾದ ಮೇಲೆ ಅಲ್ಲಿಂದ ಒಂದಕ್ಷರವೂ ಬರಲಿಲ್ಲ.

“ಈಗ ಕರದ್ರ ಎಷ್ಟಕ್ಕ ಮುಟ್ತೈತಿ?” ದುರುಗಮ್ಮ ಕೇಳಿದಳು.

“ರಾತ್ರಿ ಒಂಬತ್ತೂವರಿಗ್ರಿ.”

“ಗಾಳಿ ಎಷ್ಟರ ತನಕ?”

ಗವಿಸಿದ್ಧ ಹದಿನಾಲ್ಕರಲ್ಲಿ ಹತ್ತೂವರೆ ಕಳೆದ. “ಮಧ್ಯಾಹ್ನ ಎರಡು.”

ಫಿಲೋಮಿನಾ ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟರು. “ಆಗದಿದ್ದರೆ ಬಿಡಿ, ದುರುಗಮ್ಮ.”

“ಕೇಳ್ಯಾಳಲ್ರಿ,” ಎಂದಳು ದುರುಗಮ್ಮ.

ಅವಳು ಎದ್ದು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ಅವ್ವ ಕಲ್ಲುಕ್ವಾರಿಯಲ್ಲಿ ದುಡಿದವಳು, ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಒರಟಾಗಿತ್ತು; ಯಾವಾಗಲೂ ದೂರದಿಂದಲೇ ಕರೆಯುವಳು ಎಂದು ಗವಿಸಿದ್ಧನಿಗೆ ವಿವರಿಸಿದಳು. ಗಂಟಲು ಸರಿಮಾಡಿಕೊಂಡು ಕರೆದಳು.

“ಹಂಪೀ... ಏ ಹಂಪೀ...”

ಗವಿಸಿದ್ಧ ಹೊತ್ತು ಬರೆದುಕೊಂಡ: ಹನ್ನೊಂದು ಗಂಟೆ ನಾಲ್ಕು ನಿಮಿಷ. ಕರೆ ಆಗಲೇ ಹೊರಟಾಗಿತ್ತು.

“ಹಿಂಗಲ್ಲ, ತಡೀ,” ಎಂದಳು ದುರುಗಮ್ಮ. “ಅವ್ವ ಇನ್ನೂ ಜೋರು ಕರೀತಿದ್ಲು.”

ಅವಳು ಬಾಗಿಲವರೆಗೆ ಹೋಗಿ, ಎರಡೂ ಕೈ ಬಾಯಿಯ ಬದಿಗೆ ಹಿಡಿದು, ಗೇಟಿನ ಕಾವಲಿನವರು ತಿರುಗಿ ನೋಡುವಂತೆ ಮತ್ತೊಮ್ಮೆ ಕರೆದಳು.